ದೀಪ ಹಚ್ಚದ ಕಂಬ

ಕೊನೆಯ ಮಾಮೂಲಿ ದಿನ ನನ್ನ ಗಂಡ ಮನೆ ತುಂಬ ಮೇಣದಬತ್ತಿ ನಿಲ್ಲಿಸಿದ. ಒಂದನ್ನೂ ಹಚ್ಚಲಿಲ್ಲ.

ನೀರೆರಚುವ ಹಬ್ಬ ಆಗಷ್ಟೇ ಮುಗಿದಿತ್ತು. ಆ ದಿನಗಳಲ್ಲಿ ನಮ್ಮೂರು ಮ್ಯಿಂಕಬಾದಲ್ಲಿ ನಾಯಿಗಳೂ ಬೊಗಳುವುದಿಲ್ಲ. ಮಧ್ಯಾಹ್ನ ಹೊಲದ ಆಚೆ ನೋಡಿದರೆ ಪಗೋಡಗಳು ನೆಲ ಬಿಟ್ಟು ಒಂದು ಮೊಳ ಮೇಲೆ ತೇಲುತ್ತವೆ. ಕಣ್ಣು ಉಜ್ಜಿಕೊಂಡರೂ ಕೆಳಗೆ ಇಳಿಯುವುದಿಲ್ಲ. ಅಂಥ ಬಿಸಿಲಲ್ಲಿ ನನ್ನ ಗಂಡ ಸಾನ್ ಪೆ, ಬುದ್ಧನ ಪೀಠದ ಕೆಳಗಿದ್ದ ಬತ್ತಿಯ ಪೊಟ್ಟಣ ಹಿಡಿದು ಗೋಡೆಯಿಂದ ಗೋಡೆಗೆ ತಿರುಗುತ್ತಿದ್ದ.

ಹಿಂದಿನ ಸಂಜೆ ಸೋಲಾರ್ ಇನ್ವರ್ಟರ್ ಮನೆಗೆ ಬಂದಿತ್ತು. ಬಿಳಿ ಪೆಟ್ಟಿಗೆ, ಅಕ್ಕಿ ಡಬ್ಬದಷ್ಟು. ಕರೆಂಟು ನಮ್ಮೂರಿಗೆ ತನಗೆ ಮನಸ್ಸು ಬಂದಾಗ ಬರುತ್ತದೆ. ಹೋದ ಬೇಸಿಗೆಯಲ್ಲಿ ಅವನ ತಾಯಿ ದೋ ಪ್ವಾ ಚೋ ಉಸಿರಾಡಲಾಗದೆ ಮೀನಿನ ಹಾಗೆ ಬಾಯಿ ತೆರೆದು ಮಲಗಿದ್ದಳು. ಈ ಬೇಸಿಗೆ ಅವಳ ತಲೆಯ ಮೇಲೆ ಫ್ಯಾನು ನಿಲ್ಲಬಾರದು ಎಂದು ಅವನು ಹಟ ಹಿಡಿದು ಪೆಟ್ಟಿಗೆ ತಂದ. ಅಂಗಡಿಯವನು ಒಂದೇ ಮಾತು ಹೇಳಿ ಕಳಿಸಿದ್ದನಂತೆ. ಇದನ್ನು ಬಿಸಿ ಜಾಗದಲ್ಲಿ ಇಡಬೇಡಿ, ತಾನೂ ಸಾಯುತ್ತದೆ, ಮನೆಯನ್ನೂ ಸುಡಬಹುದು.

ಬಿಸಿ ಇಲ್ಲದ ಜಾಗ ನಮ್ಮೂರಲ್ಲಿ ಎಲ್ಲಿದೆ?

"ತಲೆ ಕೆಟ್ಟಿದೆಯಾ ಕೋ ಸಾನ್ ಪೆ? ಬುದ್ಧನಿಗೆ ಅಂತ ತಂದ ಬತ್ತೀನ ಅಡುಗೆಮನೇಲಿ ನಿಲ್ಲಿಸ್ತೀಯಲ್ಲ," ಅಂದೆ.

"ಹಚ್ಚಿಲ್ವಲ್ಲ. ಮಧ್ಯಾಹ್ನ ಯಾವ ಬತ್ತಿ ಬಗ್ಗಲ್ವೋ ಅಲ್ಲಿ ಪೆಟ್ಟಿಗೆ ಹಾಕೋದು."

ಅತ್ತೆ ಮಂಚದಿಂದಲೇ ಹೇಳಿದಳು: "ಇವರಪ್ಪಾನೂ ಹಿಂಗೇ ಇದ್ದ. ಹೆಣ್ಣು ನೋಡೋಕೆ ಬಂದೋನು ನನ್ನ ಮುಖ ನೋಡ್ಲಿಲ್ಲ, ನಮ್ಮನೆ ಬಾವಿ ಎಷ್ಟು ಆಳ ಅಂತ ಬಗ್ಗಿ ನೋಡ್ತಾ ನಿಂತ."

"ನೀರಿತ್ತಾ ಅಮೇ?" ಅಂತ ನಾನು ಕೇಳಿದೆ.

"ಬಾವೀಲಿತ್ತು. ಅವನ ತಲೇಲಿರ್ಲಿಲ್ಲ."

ಸಾನ್ ಪೆ ನಕ್ಕ. ಅವನು ನಕ್ಕರೆ ಸದ್ದು ಬರುತ್ತಿರಲಿಲ್ಲ, ಹೆಗಲು ಮಾತ್ರ ಅಲ್ಲಾಡುತ್ತಿತ್ತು. ಪಡುವಣ ಗೋಡೆಗೆ ಒಂದು ಬತ್ತಿ ನಿಲ್ಲಿಸಿದ. ತಗಡಿನ ಮಾಡಿನ ಅಟ್ಟದಲ್ಲಿ ಒಂದು. ಮೆಣಸಿನಕಾಯಿ ಜಾಡಿಯ ಪಕ್ಕ ಒಂದು, ತಾಯಿಯ ಮಂಚದ ಹತ್ತಿರ ಒಂದು. ಆಮೇಲೆ ನೆಲಮಾಳಿಗೆಗೆ ಇಳಿದು ಅಲ್ಲೂ ಒಂದು ನಿಲ್ಲಿಸಿ ಬಂದ.

ನೆಲಮಾಳಿಗೆ ನಮ್ಮ ಅನ್ನದ ಜಾಗ. ಮಾರಲು ಬಿದಿರಿನ ಬಟ್ಟಲು ಹೆಣೆದು, ಅದಕ್ಕೆ ಮರದಿಂದ ಇಳಿಸಿದ ಕರಿಹಾಲನ್ನು ಮೆರುಗಿಗೆ ಬಳಿದು ಮಾಳಿಗೆಯ ಕತ್ತಲಲ್ಲಿ ಇಡುತ್ತೇವೆ. ಆ ಕರಿಹಾಲು ಬಿಸಿಲಿಗೆ ಗಟ್ಟಿಯಾಗುವುದಿಲ್ಲ. ಅದಕ್ಕೆ ಒದ್ದೆ ತಂಪು ಬೇಕು, ಅಲ್ಲಾಡದ ಗಾಳಿ ಬೇಕು, ಒಂದು ಚೂರು ಧೂಳು ಇರಬಾರದು. ಒಂದು ಪದರ ಗಟ್ಟಿಯಾದ ಮೇಲೆ ಇನ್ನೊಂದು. ನಮ್ಮ ಮದುವೆಯಾದ ಮೊದಲ ವರ್ಷ ಅವನು ಮಾಳಿಗೆ ಬಾಗಿಲು ಮುಚ್ಚುವಾಗ ನನಗೂ ಉಸಿರು ಬಿಡಲು ಬಿಡುತ್ತಿರಲಿಲ್ಲ. ನಾನು ಹಸಿ ಬಟ್ಟಲಿನ ಹತ್ತಿರ ಸೀನಿದ್ದಕ್ಕೆ ಒಂದು ದಿನವಿಡೀ ಮಾತು ಬಿಟ್ಟಿದ್ದ.

ಮಧ್ಯಾಹ್ನ ಬತ್ತಿಗಳು ಸೊರಗಿದವು. ಅಟ್ಟದ್ದು ಕರಗಿ ತುಪ್ಪದ ಹಾಗೆ ಹರಡಿತ್ತು. ಪಡುವಣ ಗೋಡೆಯದು ನಡು ಮುರಿದು ಕೆಳಗೆ ನೋಡುತ್ತಿತ್ತು. ಅಡುಗೆಮನೆಯದು ಅತ್ತೆಯ ಬೆನ್ನಿನ ಹಾಗೆ ಬಾಗಿತ್ತು. ಮಂಚದ ಹತ್ತಿರದ್ದು ಅರ್ಧ ಬಾಗಿತ್ತು.

ಅವನ ಕೈಯಲ್ಲಿ ಇನ್ನೊಂದು ಬತ್ತಿ ಉಳಿದಿತ್ತು. ಅದನ್ನು ಹಿಡಿದು ಆಗ್ನೇಯದ ಕಂಬದ ಹತ್ತಿರ ಬಂದ. ಮುಂಭಾಗದ ತೆರೆದ ಪಡಸಾಲೆಯಲ್ಲಿದೆ ಆ ಕಂಬ. ಅಲ್ಲಿ ಮನೆದೇವರ ತೆಂಗಿನಕಾಯಿ ತೂಗುತ್ತದೆ, ಕೆಂಪು ಬಟ್ಟೆ ಸುತ್ತಿಕೊಂಡು. ಆ ದೇವರು ಒಂದು ಕಾಲಕ್ಕೆ ಕಮ್ಮಾರ. ರಾಜ ಅವನನ್ನು ಮರಕ್ಕೆ ಕಟ್ಟಿಸಿ ಸುಟ್ಟ. ಅದಕ್ಕೇ ಅವನಿಗೆ ಎಳನೀರಿನ ತಂಪು. ಅವನ ಎದುರು ಯಾರೂ ದೀಪ ಹಚ್ಚುವುದಿಲ್ಲ, ಒಲೆ ಹೂಡುವುದಿಲ್ಲ, ಬೀಡಿ ಸೇದುವವರು ಕೂಡ ಆಚೆ ಹೋಗುತ್ತಾರೆ. ಸಾನ್ ಪೆ ತಲೆಯೆತ್ತಿ ತೆಂಗಿನಕಾಯಿ ನೋಡಿದ. ಬತ್ತಿಯನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡ. ಆಮೇಲೆ ಅದೇ ಕಂಬಕ್ಕೆ ಒರಗಿ ಕೂತು ನಿದ್ದೆ ಹೋದ. ಅವನು ದಿನಾ ಮಧ್ಯಾಹ್ನ ಅಲ್ಲೇ ಮಲಗುವುದು.

ಎದ್ದಾಗ ನಾನು ಬೈದೆ. "ನಿನ್ನ ಬೆನ್ನಿನ ಬೆವರು ಹತ್ತಿ ಕಂಬ ಹೆಂಗೆ ಕಪ್ಪಾಗಿದೆ ನೋಡು. ದೇವರ ಕಂಬ ಕಣೋ ಅದು."

"ದೇವರು ಮೇಲೆ, ನಾನು ಕೆಳಗೆ. ಇಬ್ರೂ ಬೆಂದೋರೆ. ನಮ್ಮಿಬ್ರಿಗೆ ಜಗಳ ಇಲ್ಲ."

ಸಂಜೆ ಮಾಳಿಗೆಯ ಬತ್ತಿ ನೋಡಲು ಇಬ್ಬರೂ ಇಳಿದೆವು. ಅದು ನೆಟ್ಟಗೆ ನಿಂತಿತ್ತು. ಪಕ್ಕದಲ್ಲಿ ಅವನು ಅವತ್ತು ಬೆಳಿಗ್ಗೆ ಬಳಿದಿಟ್ಟ ಬಟ್ಟಲುಗಳು ಕತ್ತಲಲ್ಲಿ ಹೊಳೆಯುತ್ತಿದ್ದವು. ಬಾವಿಯ ತಳದ ನೀರು ಹೊಳೆದ ಹಾಗೆ.

"ಹಂಗಾದ್ರೆ ಇಲ್ಲೇ ತಾನೆ?" ಅಂದೆ.

ಅವನು ಕಿವಿಯ ಹಿಂದೆ ಕೆರೆದುಕೊಂಡ. ಬಟ್ಟಲಿನ ಪದರ ಎಲ್ಲೋ ಸರಿ ಬಂದಿಲ್ಲ ಅನ್ನಿಸಿದಾಗ ಹಾಗೆ ಮಾಡುತ್ತಿದ್ದ.

"ಇರು. ನಾಳೆ ಹೇಳ್ತೀನಿ."

ಮರುದಿನ ವೈರು ತರಲು ಸೈಕಲ್ ಹತ್ತಿ ಞಾಂಗ್ ಊ ಪೇಟೆಗೆ ಹೋದ. ಬರುವಾಗ ದಾರಿಯಲ್ಲಿ ಹುಣಸೆಮರದ ಕೆಳಗೆ ಕೂತನಂತೆ. ಹೋಗಿ ಬರುವವರು ನಿದ್ದೆ ಅಂದುಕೊಂಡರು. ಅವನು ಯಾವಾಗಲೂ ಹಾಗೆ ಕೂತೇ ನಿದ್ದೆ ಮಾಡುವವನು, ಯಾರಿಗೂ ಅನುಮಾನ ಬರಲಿಲ್ಲ. ಎತ್ತಿನ ಗಾಡಿಯಲ್ಲಿ ತಂದರು. ವೈರಿನ ಸುರುಳಿಯನ್ನು ನನ್ನ ಮಡಿಲಿಗೆ ಹಾಕಿದರು. ಅದು ಬಿಸಿಯಾಗಿತ್ತು. ಅವನ ಕೈಯೂ ಬಿಸಿಯಾಗಿಯೇ ಇತ್ತು, ಆದ್ದರಿಂದ ನಾನು ಬಹಳ ಹೊತ್ತು ನಂಬಲಿಲ್ಲ.

ಏಳು ದಿನ ಬಾಗಿಲು ತೆರೆದಿಟ್ಟೆವು. ಊರವರು ಬಂದು ಕೂತರು, ಇಸ್ಪೀಟು ಆಡಿದರು, ಸೂರ್ಯಕಾಂತಿ ಬೀಜ ಸಿಪ್ಪೆ ಸುಲಿದು ತಿಂದರು. ಮನೆಯಲ್ಲಿ ಸದ್ದು ಇರಬೇಕು. ಸತ್ತವನ ಜೀವ ಪಾತರಗಿತ್ತಿಯಾಗಿ ಆ ಏಳು ದಿನ ಮನೆಯ ಸುತ್ತ ಇರುತ್ತದೆ. ನಾನು ಪಡಸಾಲೆಯಲ್ಲಿ ಕೂತು ಕಾದೆ. ಅಷ್ಟು ಬಿಸಿಲಿಗೆ ಯಾವ ಪಾತರಗಿತ್ತಿ ಬರುತ್ತದೆ? ಒಂದು ಸಲ ಏನೋ ಹಳದಿ ಬಣ್ಣದ್ದು ತೇಲಿ ಬಂತು. ಹುಣಸೆ ಎಲೆ.

ಏಳನೆಯ ದಿನ ಭಿಕ್ಕುಗಳು ಬಂದು ಊಟ ಮಾಡಿ, ಸೂತ್ರ ಓದಿ, ಅವನಿಗೆ ಹೊರಡಲು ಹೇಳಿದರು. ಅವನು ಹೋದನೋ ಇಲ್ಲವೋ. ಊರವರು ಹೋದರು.

ಆಮೇಲೆ ಬಿಸಿಲು ಇನ್ನೂ ಏರಿತು. ಅತ್ತೆ ಅಳಲಿಲ್ಲ, ಅಳುವಷ್ಟು ಉಸಿರು ಅವಳಲ್ಲಿರಲಿಲ್ಲ. ಎದೆ ಬೆಕ್ಕಿನ ಎದೆಯ ಹಾಗೆ ಬಡಿದುಕೊಳ್ಳುತ್ತಿತ್ತು. ನಾನು ತಾಳೆಗರಿ ಬೀಸಣಿಗೆಯಿಂದ ಬೀಸಿ ಬೀಸಿ ಕೈ ಸೋತು ಬೀಳುತ್ತಿತ್ತು.

"ಬಿಡು ಯಿನ್ ನು, ಬೀಸಿದ್ದು ಸಾಕು. ನನ್ನ ಸರದಿ ಇತ್ತು. ಅವನು ಮಧ್ಯೆ ನುಗ್ಗಿ ಹೋದ. ಚಿಕ್ಕೋನಿದ್ದಾಗ್ಲೂ ಸರದೀಲಿ ನಿಲ್ತಿರ್ಲಿಲ್ಲ."

"ಮಾತಾಡ್ಬೇಡ ಅಮೇ, ಉಸಿರು ಉಳಿಸ್ಕೋ."

"ಯಾರಿಗೆ ಉಳಿಸಲಿ?"

ನನಗೆ ಅಂತ ಹೇಳಬೇಕಿತ್ತು. ಎದ್ದು ಹೋಗಿ ಸೋಲಾರ್ ಕೆಲಸದ ಕೋ ವಿನ್ ಬೋಗೆ ಬರಲು ಹೇಳಿದೆ. ಬಿಸಿಲು ಒಬ್ಬನನ್ನು ತಗೊಂಡಿತ್ತು. ಇನ್ನೊಬ್ಬಳನ್ನು ನಾನು ಕೊಡುವುದಿಲ್ಲ.

ವಿನ್ ಬೋ ಪ್ಯಾನೆಲ್‌ಗಳನ್ನು ಮಾಡಿನ ಮೇಲೆ ಕೂರಿಸಿದ. ಪೆಟ್ಟಿಗೆಯನ್ನು ಪಡುವಣ ಗೋಡೆಗೆ ಹಾಕೋಣ, ವೈರು ನೇರ ಇಳಿಯುತ್ತದೆ ಅಂದ. ಆ ಗೋಡೆಯ ಕೆಳಗೆ ಮುರಿದ ಬತ್ತಿ ಇನ್ನೂ ಬಿದ್ದಿತ್ತು. ನಾನು ತೆಗೆದಿರಲಿಲ್ಲ. ಅದನ್ನು ತೋರಿಸಿದೆ. ಅವನಿಗೆ ಅರ್ಥವಾಯಿತು.

"ಮಾಳಿಗೇಲಿ ಹಾಕು."

"ಬೇಡ ಅಕ್ಕಾ. ಅದು ಮುಚ್ಚಿದ ಜಾಗ. ಇದಕ್ಕೂ ಉಸಿರು ಬೇಕು."

"ಅಲ್ಲಿ ಬತ್ತಿ ನೆಟ್ಟಗೆ ನಿಂತಿದೆ, ಬಂದು ನೋಡು."

"ಬತ್ತಿ ಶಾಖ ಬಿಡಲ್ಲ. ಇದು ಬಿಡ್ತದೆ."

"ನನ್ನ ಗಂಡ ನೋಡಿದ ಜಾಗ."

ವಿನ್ ಬೋ ಪೆಟ್ಟಿಗೆ ಎತ್ತಿಕೊಂಡ. ಗಂಡ ಸತ್ತು ಹದಿನೈದು ದಿನ ಆಗದವಳ ಹತ್ತಿರ ಯಾರು ವಾದ ಮಾಡುತ್ತಾರೆ? ಮಾಳಿಗೆಗೆ ಇಳಿದು ಹಾಕಿಕೊಟ್ಟ. ಬಟ್ಟಲುಗಳನ್ನು ಬೇರೆ ಮೂಲೆಗೆ ಸರಿಸಿ ಅಂದ. ನಾನೇ ಸರಿಸಿದೆ, ಒಂದೊಂದನ್ನೂ ಎರಡು ಕೈಯಲ್ಲಿ. ಸಾನ್ ಪೆ ಬಳಿದ ಕೊನೆಯ ಪದರ ಅದು, ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ.

ಫ್ಯಾನು ತಿರುಗಿತು. ಅತ್ತೆ ಮೊದಲ ಸಲ ಬಾಯಿ ಮುಚ್ಚಿ ಮಲಗಿದಳು. ನಾನು ನೆಲದ ಮೇಲೆ ಮಲಗಿದೆ. ಕೆಳಗಿನಿಂದ ಒಂದು ಸದ್ದು ಬರುತ್ತಿತ್ತು, ಗುಂಯ್ ಅಂತ, ಹಲಗೆಯ ಮೂಲಕ ಕಿವಿಗೆ. ಸಾನ್ ಪೆ ಮಾಳಿಗೆಯಲ್ಲಿ ಬಟ್ಟಲು ತಿರುಗಿಸುತ್ತಾ ಮೂಗಿನಲ್ಲೇ ಹಾಡುತ್ತಿದ್ದ, ಪದವಿಲ್ಲದ ಹಾಡು. ಅದೇ ಸದ್ದು. ನಾನು ನೆಲಕ್ಕೆ ಕಿವಿ ಒತ್ತಿ ಮಧ್ಯಾಹ್ನಗಳನ್ನು ಕಳೆದೆ. ಅವನು ಕೆಳಗೆ ಕೆಲಸದಲ್ಲಿದ್ದಾನೆ, ನಾನು ಮೇಲಿದ್ದೇನೆ, ಸ್ವಲ್ಪ ಹೊತ್ತಿಗೆ ಹಸಿವು ಅಂತ ಮೇಲೆ ಬರುತ್ತಾನೆ. ಎದ್ದು ಒಲೆ ಹಚ್ಚಿದ್ದೂ ಉಂಟು. ಎರಡು ತಟ್ಟೆಯ ಬದಲು ಮೂರು ಹಾಕಿದ್ದೂ ಉಂಟು. ಮೂರನೆಯ ತಟ್ಟೆಯ ಅನ್ನವನ್ನೂ ಅತ್ತೆಯೇ ತಿಂದಳು.

ಕೆಲವು ದಿನ ಹಾಗೆ ನಡೆಯಿತು. ಒಂದು ಮಧ್ಯಾಹ್ನ ಹಾಡು ನಿಂತಿತು. ಕೆಳಗೆ ಪೆಟ್ಟಿಗೆ ಕೋಳಿಮರಿಯ ಹಾಗೆ ಕಿರುಚಿತು. ಫ್ಯಾನು ನಿಧಾನವಾಗಿ ನಿಂತಿತು.

ಮಾಳಿಗೆಯ ಬಾಗಿಲು ತೆರೆದಾಗ ಅನ್ನದ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಬಿಸಿ ಮುಖಕ್ಕೆ ಹೊಡೆಯಿತು. ನಮ್ಮ ಮಾಳಿಗೆಯಲ್ಲಿ ಅಂಥ ಬಿಸಿ ನಾನು ಎಂದೂ ಕಂಡಿರಲಿಲ್ಲ. ಪೆಟ್ಟಿಗೆ ತಾನು ಬಿಟ್ಟ ಉಸಿರನ್ನೇ ತಾನು ಮತ್ತೆ ಎಳೆದುಕೊಂಡಿತ್ತು. ಮಾಳಿಗೆಯ ಒದ್ದೆ ಗಾಳಿಗೆ ಅದರ ಕಬ್ಬಿಣದ ಮೇಲೆ ನೀರು ಹನಿಗಟ್ಟಿತ್ತು. ಬತ್ತಿಯೂ ಬಾಗಿತ್ತು. ಮೂಲೆಯ ಬಟ್ಟಲುಗಳ ಕಡೆ ದೀಪ ಹಿಡಿದೆ. ಪೆಟ್ಟಿಗೆಯೊಳಗಿನ ಸಣ್ಣ ಫ್ಯಾನು ನೆಲದ ಧೂಳನ್ನೆಲ್ಲ ಎಬ್ಬಿಸಿ ಅವುಗಳ ಮೇಲೆ ಕೂರಿಸಿತ್ತು. ಮೇಲಿನ ಪದರ ಹಾಲಿನ ಕೆನೆಯ ಹಾಗೆ ಸುಕ್ಕಾಗಿತ್ತು. ಒಂದೂ ಉಳಿದಿರಲಿಲ್ಲ.

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಅವನು ಸತ್ತಾಗ ಬಾರದ ಅಳು ಆಗ ಬಂತು. ಮೇಲಿನಿಂದ ಅತ್ತೆಯ ಎದೆಯ ಸದ್ದು ಕೇಳಿಸಿತು. ಅಳು ನುಂಗಿ ಎದ್ದೆ.

ವಿನ್ ಬೋ ಬಂದು ಪೆಟ್ಟಿಗೆ ಬಿಚ್ಚಿ ಒರೆಸಿ ನೆರಳಿನಲ್ಲಿ ಇಟ್ಟ. "ಸುಟ್ಟಿಲ್ಲ ಅಕ್ಕಾ. ಹೆದರಿ ತಾನೇ ನಿಂತಿದೆ. ಒಣಗಲಿ, ನಾಳೆ ಬರ್ತೀನಿ. ಅಷ್ಟರಲ್ಲಿ ಜಾಗ ನೋಡಿಡಿ." ಮಾಳಿಗೆಯ ವಿಷಯ ಅವನು ಒಂದು ಮಾತೂ ಆಡಲಿಲ್ಲ. ಅದು ಅವನ ದೊಡ್ಡತನ.

ಜಾಗ ಎಲ್ಲಿದೆ? ಎಲ್ಲ ಕಡೆ ಬತ್ತಿ ಬಗ್ಗಿತ್ತು. ಅತ್ತೆಯನ್ನು ಮಂಚ ಸಮೇತ ಪಡಸಾಲೆಗೆ ಎಳೆದು ತಂದೆ. ಪಕ್ಕದಲ್ಲಿ ಕೂತು ಬೀಸಿದೆ. ಬೀಸುತ್ತಾ ಕಣ್ಣು ಮುಚ್ಚಿತು.

ಸಾನ್ ಪೆ ಮಾಳಿಗೆಯಿಂದ ಮೇಲೆ ಬಂದ. ಮೈಯೆಲ್ಲ ಬೆವರು. ಕಿವಿಯ ಮೇಲೆ ಬತ್ತಿ ಹಾಗೇ ಇತ್ತು. ನನ್ನ ಕಡೆ ನೋಡಲಿಲ್ಲ. ಬಂದವನೇ ನನ್ನ ಪಕ್ಕದಲ್ಲಿ ಕೂತ, ಕಾಲು ಚಾಚಿದ, ಉಸ್ಸಪ್ಪಾ ಅಂದ. ಪಗೋಡಗಳು ಹೊಲ ದಾಟಿ ತೇಲುತ್ತಾ ನಮ್ಮ ಅಂಗಳದವರೆಗೆ ಬಂದು ನಿಂತವು, ದನ ಮನೆಗೆ ಬಂದ ಹಾಗೆ. ಜಾಗ ಎಲ್ಲಿ ಹೇಳು, ನಾಳೆ ಹೇಳ್ತೀನಿ ಅಂದಿದ್ದೆಯಲ್ಲ ಅಂತ ಕೇಳಿದೆ. ಅವನು ಆಗಲೇ ನಿದ್ದೆ ಹೋಗಿದ್ದ.

ಕಣ್ಣು ಬಿಟ್ಟೆ. ನಾನು ಆಗ್ನೇಯದ ಕಂಬಕ್ಕೆ ಒರಗಿದ್ದೆ. ಬೆನ್ನು ತಣ್ಣಗಿತ್ತು. ತೆಂಕಣ ಗಾಳಿ ಮೆಟ್ಟಿಲ ಕಡೆಯಿಂದ ಬಂದು, ಕಂಬ ಸುತ್ತಿ, ಬಡಗಣ ಬಾಗಿಲಿಂದ ಹೊರಗೆ ಹೋಗುತ್ತಿತ್ತು. ಬಹಳ ಸಣ್ಣ ಗಾಳಿ. ತೆಂಗಿನಕಾಯಿಯ ಕೆಂಪು ಬಟ್ಟೆಯ ಅಂಚು ಮಾತ್ರ ಅಲ್ಲಾಡುತ್ತಿತ್ತು.

ಅತ್ತೆ ನನ್ನನ್ನೇ ನೋಡುತ್ತಿದ್ದಳು.

"ಅಲ್ಲೇ ಅವನ ತೊಟ್ಟಿಲು ಕಟ್ಟಿದ್ದು. ಬೇಸಿಗೇಲಿ ಹುಟ್ಟಿದ ಕೂಸು. ಬೇರೆ ಎಲ್ಲಿ ಮಲಗಿಸಿದ್ರೂ ಕಿರುಚ್ತಿತ್ತು."

"ಇಲ್ಲಿ ಅವನು ಬತ್ತಿ ನಿಲ್ಲಿಸ್ಲಿಲ್ಲ ಅಮೇ."

"ಹೆಂಗೆ ನಿಲ್ಲಿಸ್ತಾನೆ? ದೇವರ ಕಂಬಕ್ಕೆ ಬತ್ತಿ ತಂದ್ರೆ ನಾನು ಅವನ ಕೈ ಮುರೀತಿರ್ಲಿಲ್ವಾ?"

ನಾನು ತಲೆಯೆತ್ತಿ ಸುತ್ತ ನೋಡಿದೆ. ಬೆಳಗಿನ ಬಿಸಿಲಿಗೆ ಅಂಗಳದ ಹುಣಸೆಮರ ಅಡ್ಡ ಇದೆ. ಮಧ್ಯಾಹ್ನದ ಬಿಸಿಲಿಗೆ ಇಡೀ ಮನೆಯೇ ಅಡ್ಡ. ಪಡಸಾಲೆಯ ಮೇಲೆ ತಗಡಿಲ್ಲ, ಹುಲ್ಲಿನ ಮಾಡು. ಒಂದು ಪುಟ್ಟ ಬತ್ತಿ ಹಿಡಿದು ಮನೆಯೆಲ್ಲ ಹುಡುಕಿದವನು ದಿನಾ ಬೆನ್ನು ಕೊಟ್ಟು ಮಲಗಿದ್ದು ಇಲ್ಲಿ. ಮಾಳಿಗೆಯಲ್ಲಿ ಅವನು ಒಂದು ದಿನವೂ ಮಲಗಿರಲಿಲ್ಲ. ಉಸಿರು ಕಟ್ಟುತ್ತದೆ ಅನ್ನುತ್ತಿದ್ದ.

"ಪೆಟ್ಟಿಗೆ ಇಲ್ಲಿ ಹಾಕು," ಅಂದಳು ಅತ್ತೆ.

"ಅದು ಬಿಸಿ ಆಗ್ತದೆ. ದೇವರು ಸುಟ್ಟು ಸತ್ತೋನು. ನೀನೇ ಹೀಗಂದ್ರೆ?"

"ಸುಟ್ಟು ಸತ್ತೋನಿಗೆ ತಾನೇ ಗೊತ್ತು ಬೇಗೆ ಅಂದ್ರೇನು ಅಂತ. ನನ್ನ ಎಬ್ಬಿಸಿ ಕೂರಿಸು. ಅವನ ಹತ್ರ ನಾನು ಮಾತಾಡ್ತೀನಿ. ನಿಂಗೆ ಮಾತಾಡೋಕೆ ಬರಲ್ಲ, ಜಗಳ ಆಡ್ತೀಯ."

ಮರುದಿನ ಹೊಸ ತೆಂಗಿನಕಾಯಿ ತಂದೆ, ಹೊಸ ಕೆಂಪು ಬಟ್ಟೆ ಸುತ್ತಿದೆ. ಅತ್ತೆಯನ್ನು ಕಂಬದ ಎದುರು ಕೂರಿಸಿ ಬೆನ್ನಿಗೆ ನಾನು ಕೈ ಕೊಟ್ಟೆ. ಅವಳು ಕೈ ಮುಗಿದಳು. ಮಾತಿಗೊಂದು ಉಸಿರು ತೆಗೆದುಕೊಳ್ಳುತ್ತಾ ಹೇಳಿದಳು:

"ಸ್ವಾಮೀ, ಇದು ಬೆಂಕಿ ಅಲ್ಲ. ಗಾಳಿ ಮಾಡೋ ಪೆಟ್ಟಿಗೆ. ಸ್ವಲ್ಪ ಬೆಚ್ಚಗಾಗ್ತದೆ, ದುಡಿಯೋರು ಆಗೋ ಹಂಗೆ. ನೀವೂ ಕಮ್ಮಾರರು, ನಿಮಗೆ ಹೇಳ್ಬೇಕಾ? ಮೊದಲ ಗಾಳಿ ನಿಮಗೆ. ಉಳಿದದ್ದು ನನಗೆ."

ವಿನ್ ಬೋ ಪಡಸಾಲೆಯ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ಆಮೇಲೆ ಕೆಲಸಕ್ಕೆ ತೊಡಗಿದ. ತೆಂಗಿನಕಾಯಿಯ ಕೆಳಗೆ ಬರದಂತೆ ಕಂಬದ ಬಡಗಣ ಮಗ್ಗುಲು ಆರಿಸಿದ. ಮರಕ್ಕೆ ಬಿಸಿ ತಾಗದಿರಲೆಂದು ಹಿಂದೆ ಸಿಮೆಂಟ್ ಹಲಗೆ ಕೊಟ್ಟ. ಸುತ್ತ ಒಂದು ಗೇಣು ಖಾಲಿ ಬಿಟ್ಟ. ಒಂದು ಪುಟ್ಟ ಮೇಜಿನ ಫ್ಯಾನನ್ನು ದೇವರ ಕಡೆ ತಿರುಗಿಸಿ ಕಟ್ಟಿದ. ಅದರ ಗಾಳಿ ಪೆಟ್ಟಿಗೆಗೂ ಬೀಳುವಂತೆ ಸ್ವಲ್ಪ ಓರೆ ಮಾಡಿದ.

"ಎಷ್ಟೋ ಮನೆ ಮಾಡಿದ್ದೀನಿ ಅಕ್ಕಾ, ದೇವರಿಗೆ ಫ್ಯಾನು ಹಾಕಿದ್ದು ಇದೇ ಮೊದಲು."

"ಬೇರೆ ಮನೆ ದೇವರಿಗೆ ಹೇಳ್ಬೇಡ," ಅಂದಳು ಅತ್ತೆ. "ಅವರೂ ಕೇಳ್ತಾರೆ."

ಮೊಳೆಗೆ ಗುರುತು ಮಾಡುವಾಗ ಅವನು ಕಂಬದ ಕಪ್ಪು ಕಲೆ ನೋಡಿದ. ಉಜ್ಜಿ ತೆಗೆಯಲಾ ಅಂದ. ಬೇಡ ಅಂದೆ. ಪೆಟ್ಟಿಗೆಯನ್ನು ಇನ್ನೊಂದಿಷ್ಟು ಮೇಲೆ ಹೊಡಿ, ಆ ಕಲೆ ಕೆಳಗೆ ಹಾಗೇ ಇರಲಿ ಅಂದೆ. ಅವನು ಯಾಕೆ ಅಂತ ಕೇಳದೆ ಮೇಲೆ ಹೊಡೆದ.

ಗುಂಡಿ ಒತ್ತಿದಾಗ ಮೊದಲು ಕೆಂಪು ಬಟ್ಟೆ ಅಲ್ಲಾಡಿತು. ಆಮೇಲೆ ಅತ್ತೆಯ ಬಿಳಿ ಕೂದಲು. ಅವಳು ಕಣ್ಣು ಮುಚ್ಚಿ ಹಾಗೇ ಕೂತಿದ್ದಳು. ಎದೆ ನಿಧಾನವಾಗುವವರೆಗೆ ನಾನು ಅವಳ ಬೆನ್ನಿನ ಮೇಲಿಂದ ಕೈ ತೆಗೆಯಲಿಲ್ಲ.

ಆ ಬೇಸಿಗೆ ಪೆಟ್ಟಿಗೆ ಮತ್ತೆ ಕಿರುಚಲಿಲ್ಲ. ಮಳೆ ಬಂತು. ಅತ್ತೆ ಈಗ ಫ್ಯಾನಿನ ಗಾಳಿಗೆ ಮಂಡಿ ನೋಯುತ್ತದೆ ಅಂತ ಬೈಯುತ್ತಾಳೆ. ಸಾನ್ ಪೆ ಮರುದಿನ ಯಾವ ಜಾಗ ಹೇಳುತ್ತಿದ್ದನೋ ನನಗೆ ಗೊತ್ತಿಲ್ಲ. ಮಾಳಿಗೆ ಎಂದೇ ಹೇಳುತ್ತಿದ್ದನೇನೋ. ಕಿವಿಯ ಹಿಂದೆ ಕೆರೆದುಕೊಂಡದ್ದು ಮಾತ್ರ ನಾನು ನೋಡಿದ್ದೇನೆ.

ಈಗ ಬಟ್ಟಲಿಗೆ ಕರಿಹಾಲು ನಾನೇ ಬಳಿಯುತ್ತೇನೆ. ಅವನಷ್ಟು ನಯ ಬರುವುದಿಲ್ಲ. ಹಾಳಾದ ಬಟ್ಟಲುಗಳಲ್ಲಿ ಒಂದನ್ನು ಇಟ್ಟುಕೊಂಡಿದ್ದೇನೆ.

ಬೆಳಿಗ್ಗೆ ಎದ್ದು ಮುಖ ತೊಳೆದು ಬುದ್ಧನಿಗೆ ಅನ್ನ, ನೀರು ಇಡುತ್ತೇನೆ. ಆಮೇಲೆ ಕಂಬದ ಹತ್ತಿರ ಬರುತ್ತೇನೆ. ತೆಂಗಿನಕಾಯಿಯನ್ನು ಮೆಲ್ಲಗೆ ಅಲ್ಲಾಡಿಸಿ ಒಳಗೆ ನೀರಿದೆಯೇ ಎಂದು ಕಿವಿ ಕೊಡುತ್ತೇನೆ. ನಮ್ಮೂರ ಧೂಳು ಒಂದೇ ರಾತ್ರಿಗೆ ಪೆಟ್ಟಿಗೆಯ ಜಾಲರಿಗೆ ಕೂತಿರುತ್ತದೆ. ಸಾನ್ ಪೆ ಬಟ್ಟಲಿಗೆ ಬಳಿಯುತ್ತಿದ್ದ ಕುದುರೆಕೂದಲಿನ ಕುಂಚ ತಗೊಂಡು ಮೇಲಿನಿಂದ ಕೆಳಗೆ ಗುಡಿಸುತ್ತೇನೆ. ಧೂಳು ಕಂಬದ ಕಪ್ಪು ಕಲೆಯ ಮೇಲೆ ಬೀಳುತ್ತದೆ. ಅದನ್ನು ಕೈಯಲ್ಲಿ ಒರೆಸುತ್ತೇನೆ. ಕುಂಚವನ್ನು ಮೆಟ್ಟಿಲ ಅಂಚಿಗೆ ಬಡಿದು ಜಾಡಿಸಿ ಮತ್ತೆ ಮೊಳೆಗೆ ಸಿಕ್ಕಿಸುತ್ತೇನೆ.